"ಇಡೀ ದಿನ ಏನು ಕೆಲಸ ಇರ್ತದೆ ನಿಮಗೆ?"

ಮದುವೆಮನೆಯಲ್ಲಿ ಸಿಕ್ಕವರು, ಬ್ಯಾಂಕಿನ ಕೌಂಟರಿನಲ್ಲಿ ಕೂತವರು, ನನ್ನ ಸ್ವಂತ ಚಿಕ್ಕಮ್ಮ, ಎಲ್ಲರೂ ಕೇಳುವುದು ಇದನ್ನೇ. "ನಾಯಿ, ಕುದುರೆ ನೋಡ್ಕೊಳ್ಳೋದ್ರಲ್ಲಿ ಇಡೀ ದಿನ ಏನು ಕೆಲಸ ಇರ್ತದೆ ಮಾರಾಯ್ತಿ?" ಅನ್ನ ಹಾಕಿದರೆ ಆಯ್ತು, ಹುಲ್ಲು ಹಾಕಿದರೆ ಆಯ್ತು, ಆಮೇಲೆ ಕಾಲು ಚಾಚಿ ಮಲಗುತ್ತೇನೆ ಎಂಬುದು ಅವರ ಅಂದಾಜು. "ಲದ್ದಿ ಎಣಿಸ್ತೇನೆ" ಅಂದರೆ ನಗುತ್ತಾರೆ. ತಮಾಷೆಗೆ ಹೇಳಿದ್ದಲ್ಲ. ಹೋದ ಡಿಸೆಂಬರ್ 23ರ ಕತೆ ಹೇಳುತ್ತೇನೆ, ಕೇಳಿ.

ನಮ್ಮ ಮನೆ ಕಾರವಾರದಿಂದ ಕಾಳಿ ನದಿಯಾಚೆ, ಸದಾಶಿವಗಡ ದಾಟಿ ಮಾಜಾಳಿ ಕಡೆಗೆ. ಹಿತ್ತಲು ದೊಡ್ಡದು, ಪೂರಾ ಮರಳು. ನೌಕಾನೆಲೆಯವರು, ಕೈಗಾ ಅಣುಸ್ಥಾವರದವರು ರಜೆಗೆ ಊರಿಗೆ ಹೊರಟಾಗ ನಾಯಿಗಳನ್ನು ನನ್ನಲ್ಲಿ ಬಿಟ್ಟು ಹೋಗುತ್ತಾರೆ. ಉಳಿದ ದಿನಗಳಲ್ಲಿ ಮೂರೋ ನಾಲ್ಕೋ ಇರುತ್ತವೆ, ಕ್ರಿಸ್‌ಮಸ್ ವಾರ ಒಂಬತ್ತು. ಇವಲ್ಲದೆ ಚಂಪಾ, ರಾಜ ಅಂತ ಎರಡು ಪೋನಿ. ಕಡಲತೀರದಲ್ಲಿ ಮಕ್ಕಳನ್ನು ಹೊತ್ತು ತಿರುಗಿ ವಯಸ್ಸಾದವು, ಈಗ ನಮ್ಮಲ್ಲಿ ಪಿಂಚಣಿದಾರರು. ನೋಡಲು ಬಂದವರು "ಮರಿ ಯಾವಾಗ ದೊಡ್ಡದಾಗ್ತದೆ?" ಅನ್ನುತ್ತಾರೆ. ಆಗುವುದಿಲ್ಲ, ಪೋನಿಯ ಎತ್ತರವೇ ಅಷ್ಟು.

ಬೆಳಿಗ್ಗೆ ಐದಕ್ಕೆ ನಾಯಿಗಳ ಸರದಿ. ಒಂದನ್ನು ಬಿಟ್ಟರೆ ಇನ್ನೊಂದು ಜಗಳಕ್ಕೆ ಬರುತ್ತದೆ, ಹಾಗಾಗಿ ಎರಡೆರಡಾಗಿ ಬಿಡಬೇಕು. ಉಣ್ಣಿ ತೆಗೆಯುವುದು, ತಟ್ಟೆ ತೊಳೆಯುವುದು, ಯಾರಿಗೆ ಯಾವ ಗುಳಿಗೆ ಎಂದು ಪುಸ್ತಕ ನೋಡುವುದು, ಅದರಲ್ಲೇ ಒಂಬತ್ತಾಗುತ್ತದೆ. ಆ ಸಲ ಕೊಚ್ಚಿಯವರ ಲ್ಯಾಬ್ರಡಾರ್ ಒಂದಿತ್ತು. ಅದಕ್ಕೆ ಮಲಯಾಳ ಬಿಟ್ಟು ಬೇರೆ ಭಾಷೆ ಬಾರದು. ಕೂರಿಸಬೇಕಾದರೆ "ಇರಿ" ಅನ್ನಬೇಕು. ನಾನು ಅಷ್ಟು ಮರ್ಯಾದೆ ಕೊಟ್ಟು ಮಾತಾಡಿಸಿದ ನಾಯಿ ಅದೊಂದೇ.

ಹತ್ತಕ್ಕೆ ಚರ್ಚ್ ಹತ್ತಿರದ ಮಕ್ಕಳು ಗೋಣಿಚೀಲ ಹಿಡಿದು ಬಂದರು. "ಅಕ್ಕಾ, ಗೋದಲಿಗೆ ಹುಲ್ಲು." ಪ್ರತಿ ವರ್ಷ ಬಾಲ ಯೇಸು ಮಲಗುವುದು ನಮ್ಮ ಚಂಪಾಳ ಪಾಲಿನ ಭತ್ತದ ಹುಲ್ಲಿನ ಮೇಲೆ. ಜೊತೆಗೆ ಈ ಸಲ ಇನ್ನೊಂದು ಬೇಡಿಕೆ: ಕ್ರಿಸ್‌ಮಸ್ ತಾತನನ್ನು ಕೂರಿಸಿಕೊಂಡು ಬರಲು ರಾಜ ಬೇಕಂತೆ. ಪಟಾಕಿ ಹೊಡೆಯುವಲ್ಲಿಗೆ ಕುದುರೆ ಕಳಿಸುವುದಿಲ್ಲ ಅಂದೆ. ತಾತ ಬೈಕ್ ಮೇಲೆ ಬರಲಿ.

ಹಿಂದೆಯೇ ಪಕ್ಕದ ಮನೆಯ ಮಾವ್ಶಿ ತಟ್ಟೆ ತಂದರು. ನೇವ್ರಿ, ದೊದೊಲ್, ಒಣದ್ರಾಕ್ಷಿ ತುಂಬಿದ ಕೇಕು. "ಪಾಪ, ಹಬ್ಬ, ಅವಕ್ಕೂ ಒಂದು ಚೂರು" ಎಂದು ಲ್ಯಾಬ್ರಡಾರಿನ ಕಡೆ ಕೈ ಚಾಚಿಯೇ ಬಿಟ್ಟಿದ್ದರು. ಓಡಿ ಹೋಗಿ ಹಿಡಿದೆ. ಮಾವ್ಶಿಗೆ ಬೇಜಾರಾಯಿತು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಹುದು. ಎಷ್ಟು ತಿಂದರೆ ಅಪಾಯ ಎಂಬುದು ಒಂದೊಂದು ನಾಯಿಗೆ ಒಂದೊಂದು ಥರ, ಹಾಗಾಗಿ ಒಂದು ಚೂರೂ ಕೊಡುವಂತಿಲ್ಲ. ಚಾಕಲೇಟೂ ಅಷ್ಟೇ. ಇದನ್ನು ಹಬ್ಬದ ತಟ್ಟೆ ತಂದವರ ಮುಂದೆ ನಗುನಗುತ್ತಾ ವಿವರಿಸುವುದಿದೆಯಲ್ಲ, ಅದೂ ಕೆಲಸವೇ. ಕೇಕು ನಾನೇ ತಿಂದೆ. ಚೆನ್ನಾಗಿತ್ತು.

ಮಧ್ಯಾಹ್ನ ನೆನೆಸಿದ ಹುರುಳಿ ಇಟ್ಟಾಗ ಚಂಪಾ ಮೂಸಿ ನೋಡಿ ಮುಖ ತಿರುಗಿಸಿದಳು. ಕುದುರೆ ಹುರುಳಿ ಬೇಡ ಅಂದರೆ ಎದೆ ಧಸಕ್ ಅನ್ನುತ್ತದೆ. ಲದ್ದಿ ನೋಡಿದೆ. ದಿನಕ್ಕೆ ಎಂಟು ಹತ್ತು ಸಲ ಹಾಕುವವಳು ಬೆಳಗಿನಿಂದ ಒಂದೇ ಸಲ ಹಾಕಿದ್ದಳು, ಅದೂ ಒಣಕಲು. ಮುಂಗಾಲಿನಿಂದ ನೆಲ ಕೆರೆಯುತ್ತಾ ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿದ್ದಳು. ಹೊಟ್ಟೆನೋವು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು. ನಮ್ಮದು ಮರಳು ನೆಲ, ಹುಲ್ಲು ನೆಲಕ್ಕೆ ಹಾಕಿದರೆ ಕಡ್ಡಿಯ ಜೊತೆ ಮರಳೂ ಹೊಟ್ಟೆಗೆ ಹೋಗಿ ಕರುಳಿನ ತಳದಲ್ಲಿ ಕೂರುತ್ತದೆ. ಅದಕ್ಕೇ ದೋಣಿಯಂಥ ಮರದ ತೊಟ್ಟಿ ಮಾಡಿಸಿದ್ದೆ. ಎರಡು ದಿನದ ಹಿಂದೆ, ನಾಯಿಗಳ ಗಡಿಬಿಡಿಯಲ್ಲಿ, ನಾನೇ ನೆಲಕ್ಕೆ ಸುರಿದಿದ್ದೆ.

ದವಡೆ ಕೆಳಗಿನ ನಾಡಿ ಹಿಡಿದು ಎಣಿಸಿದೆ: 52. ಆರಾಮಿದ್ದಾಗ 40ರ ಆಸುಪಾಸು ಇರುತ್ತದೆ. ಡಾಕ್ಟರಿಗೆ ಫೋನು ಮಾಡಿದೆ. "ಮೇವು ತೆಗೀರಿ, ಮೆಲ್ಲಗೆ ನಡೆಸಿ, ಬರ್ತೇನೆ" ಅಂದರು. 2024ರ ಆಗಸ್ಟಿನಲ್ಲಿ ಕಾಳಿಯ ಹಳೆ ಸೇತುವೆ ಕುಸಿದ ಮೇಲೆ ಹೋಗುವ ಬರುವ ಗಾಡಿಗಳಿಗೆಲ್ಲ ಉಳಿದದ್ದು ಒಂದೇ ಸೇತುವೆ. ಅದರ ಮೇಲೆ ಕ್ರಿಸ್‌ಮಸ್ಸಿಗೆ ಗೋವಾಕ್ಕೆ ಹೊರಟ ಕಾರುಗಳ ಸಾಲು. ಡಾಕ್ಟರು ತಲುಪಿದ್ದು ಸಂಜೆ ಆರಕ್ಕೆ. ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ಲಿಕ್ವಿಡ್ ಪ್ಯಾರಾಫಿನ್ ಬಿಟ್ಟರು, ನೋವಿಗೆ ಇಂಜೆಕ್ಷನ್ ಕೊಟ್ಟರು. "ಲದ್ದಿ ಹಾಕಿದ ಕೂಡ್ಲೇ ಫೋನು ಮಾಡಿ" ಎಂದು ಹೊರಟರು.

ಆಮೇಲೆ ಒಂಬತ್ತು ನಾಯಿಗಳ ಊಟ, ಮತ್ತೆ ಚಂಪಾಳ ಹಗ್ಗ ಹಿಡಿದು ಹಿತ್ತಲು ಸುತ್ತುವುದು. ಮಾವ್ಶಿಯ ಮನೆಯ ನಕ್ಷತ್ರದೀಪ ಒಮ್ಮೆ ಕೆಂಪು, ಒಮ್ಮೆ ಹಸಿರು. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದದ್ದು ನಮ್ಮದೇ ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ. ಅವುಗಳ ಲದ್ದಿ ಕಾಯುತ್ತಾ ಯಾರೋ ಹೀಗೇ ರಾತ್ರಿ ಕಳೆದಿರಬೇಕು.

ಹತ್ತೂಮುಕ್ಕಾಲಿಗೆ ಚಂಪಾ ನಿಂತಳು. ಬಾಲ ಎತ್ತಿದಳು. ನಾನು ಟಾರ್ಚು ಹಿಡಿದೆ.

"ಡಾಕ್ಟ್ರೇ, ಹಾಕಿದ್ಲು!"

"ಎಷ್ಟು?"

"ಏಳು ಉಂಡೆ."

"ಬಾಟಲಿಯಲ್ಲಿ ನೀರಿಗೆ ಹಾಕಿ ಕದಡಿ ಇಡಿ. ತಳಕ್ಕೆ ಎಷ್ಟು ಮರಳು ಕೂರ್ತದೆ, ಬೆಳಿಗ್ಗೆ ಹೇಳಿ."

ಎರಡು ಬೆರಳು ದಪ್ಪ ಕೂತಿತ್ತು.