ಆಂಪ್ ಕೊಳ್ಳಲು ಬಂದವರಿಗೆ ನನ್ನ ಮೊದಲ ಪ್ರಶ್ನೆ: ಕೆಳಗಿನ ಮನೆಯಲ್ಲಿ ಯಾರಿದ್ದಾರೆ?

ಬೆಂಗಳೂರಿನಲ್ಲಿ ಗಿಟಾರ್ ಆಂಪ್ ರಿಪೇರಿ ಮಾಡುತ್ತೇನೆ, ಜೊತೆಗೆ ಶೋಗಳಿಗೆ ಬಾಡಿಗೆಗೂ ಕೊಡುತ್ತೇನೆ. ವಾರಕ್ಕೊಬ್ಬರಾದರೂ ಬಂದು ಅದೇ ಪ್ರಶ್ನೆ ಕೇಳುತ್ತಾರೆ. ಟ್ಯೂಬ್ ತಗೊಳ್ಳಲಾ, ಟ್ರಾನ್ಸಿಸ್ಟರ್ ಸಾಕಾ, ಇಲ್ಲ ಹೈಬ್ರಿಡ್ ನೋಡಲಾ? ಟ್ಯೂಬ್ ಎಂದರೆ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವಿನಿಂದ ಓಡುವ ಆಂಪ್, ಹೈಬ್ರಿಡ್ ಎಂದರೆ ಎರಡೂ ಬೆರೆತದ್ದು. ಮೊದಮೊದಲು ನಾನೂ ಸೌಂಡ್ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದೆ. ಒಂದು 100 ವ್ಯಾಟ್ ಟ್ಯೂಬ್ ಹೆಡ್ (ಸ್ಪೀಕರ್ ಬೇರೆ ಪೆಟ್ಟಿಗೆಯಲ್ಲಿರುವ ಆಂಪ್) ಸುಟ್ಟುಕೊಂಡ ಮೇಲೆ ಭಾಷಣ ನಿಂತಿತು.

ತುಮಕೂರು ಕಡೆಯ ಒಂದು ಕಾಲೇಜು ಫೆಸ್ಟ್. ಗಿಟಾರ್ ಹುಡುಗ ಟ್ಯೂಬೇ ಬೇಕು ಎಂದು ಹಟ ಹಿಡಿದಿದ್ದ, ಟ್ಯೂಬ್ ಆದರೆ ಬಾಡಿಗೆಯೂ ಜಾಸ್ತಿ ಅಲ್ವಾ, ಹೂಂ ಎಂದೆ. ನಾಲ್ಕು ಇಎಲ್34 ಟ್ಯೂಬ್ ಇರುವ ಹೆಡ್, ಕೆಳಗೆ ನಾಲ್ಕು ಸ್ಪೀಕರಿನ ಕ್ಯಾಬಿನೆಟ್. ಗಾಡಿಗೆ ತುಂಬುವ ಗಡಿಬಿಡಿಯಲ್ಲಿ ಸ್ಪೀಕರ್ ಕೇಬಲ್ ಅಂಗಡಿಯಲ್ಲೇ ಉಳಿಯಿತು, ಬ್ಯಾಗಿನಲ್ಲಿ ಇದ್ದದ್ದು ಗಿಟಾರ್ ಕೇಬಲ್. ಎರಡಕ್ಕೂ ತುದಿಯಲ್ಲಿ ಅದೇ ಕಾಲಿಂಚಿನ ಜ್ಯಾಕ್, ಮೇಲಿಂದ ನೋಡಿದರೆ ಅಣ್ಣತಮ್ಮಂದಿರು. ಆದರೆ ಗಿಟಾರ್ ಕೇಬಲ್ ಒಳಗಿನ ತಂತಿ ತೀರಾ ತೆಳು, ಸ್ಪೀಕರಿಗೆ ಹೋಗುವ ಕರೆಂಟು ಹೊರುವ ತಾಕತ್ತು ಅದಕ್ಕಿಲ್ಲ. ಗೊತ್ತಿದ್ದೂ, ಒಂದು ಗಂಟೆ ತಾನೇ, ನಡೆಯುತ್ತೆ ಬಿಡು ಎಂದು ನಾನೇ ಚುಚ್ಚಿದೆ.

ಮೂರನೇ ಹಾಡಿನ ಮಧ್ಯೆ ಸೌಂಡ್ ಕರಕರ ಎಂದಿತು, ಬಂತು, ಹೋಯಿತು, ಆಮೇಲೆ ಬರಲೇ ಇಲ್ಲ. ಹಿಂದೆ ಹೋಗಿ ಬಗ್ಗಿದರೆ ಸುಟ್ಟ ವಾರ್ನಿಶ್ ವಾಸನೆ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಟೆಸ್ಟರ್ ಬೇಕಾಗಿಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿದೆ ಎಂದೇ ಅರ್ಥ.

ಯಾಕೆ ಹೋಯಿತು ಅಂದರೆ, ಇಂಥ ಹೆಡ್‌ನಲ್ಲಿ ಟ್ಯೂಬ್ ಓಡುವುದು 400-500 ವೋಲ್ಟಿನಲ್ಲಿ. ಸ್ಪೀಕರಿಗೆ ಬೇಕಾದ್ದು ಕಡಿಮೆ ವೋಲ್ಟು, ಜಾಸ್ತಿ ಕರೆಂಟು. ನಡುವೆ ಕೂತು ಇಬ್ಬರಿಗೂ ಹೊಂದಿಸುವುದು ಈ ಟ್ರಾನ್ಸ್‌ಫಾರ್ಮರ್. ಜೋರಾಗಿ ಬಾರಿಸುವಾಗ ಸ್ಪೀಕರ್ ಕಡೆಯ ದಾರಿ ಕಡಿದುಹೋದರೆ ಆ ಶಕ್ತಿಗೆ ಹೋಗಲು ಜಾಗವಿಲ್ಲ, ಒಳಗೇ ವೋಲ್ಟು ವಿಪರೀತ ಏರಿ ಸುತ್ತುಗಳ ನಡುವಿನ ಇನ್ಸುಲೇಷನ್ ಹರಿದುಹಾಕುತ್ತದೆ. ಟ್ರಾನ್ಸಿಸ್ಟರಿನದು ಇದಕ್ಕೆ ಪೂರ್ತಿ ಉಲ್ಟಾ. ಸಾಮಾನ್ಯವಾಗಿ ಸ್ಪೀಕರ್ ಕಿತ್ತರೂ ಅದು ಸುಮ್ನೆ ಕೂರುತ್ತದೆ. ಕನಿಷ್ಠ 8 ಓಂ ಎಂದು ಬರೆದಿರುವ ಕಡೆ 8 ಓಂನ ಎರಡು ಕ್ಯಾಬಿನೆಟ್ ಪ್ಯಾರಲಲ್ ಹಾಕಿ 4 ಓಂ ಮಾಡಿದಿರೋ, ಇಲ್ಲ ಕೇಬಲ್ ಶಾರ್ಟ್ ಆಯಿತೋ, ಆಗ ತಡೆ ಕಡಿಮೆಯಾಗಿ, ಮಿತಿಮೀರಿ ಕರೆಂಟು ಹರಿದು ಸಾಯುತ್ತದೆ. ರಿಪೇರಿಗೆ ಬರುವ ಆಂಪ್‌ಗಳಲ್ಲಿ ಎಷ್ಟೋ ಸಲ ಕಥೆ ಇಷ್ಟೇ ಇರುತ್ತದೆ.

ಆವತ್ತು ಮಾನ ಉಳಿಸಿದ್ದು ಗಾಡಿಯಲ್ಲಿ ಬಿದ್ದಿದ್ದ ಒಂದು ಹಳೇ ಟ್ರಾನ್ಸಿಸ್ಟರ್ ಕಾಂಬೋ, ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು. ಕುರ್ಚಿಯ ಮೇಲಿಟ್ಟು, ಮುಂದೊಂದು ಮೈಕ್ ನಿಲ್ಲಿಸಿ, ದೊಡ್ಡ ಸ್ಪೀಕರಿಗೆ ಕಳಿಸಿದೆವು. ಕುಣಿಯುತ್ತಿದ್ದವರು ಕುಣಿಯುತ್ತಲೇ ಇದ್ದರು. ಗಿಟಾರ್ ಹುಡುಗನ ಮುಖ ಮಾತ್ರ ಊದಿಕೊಂಡಿತ್ತು, ಪಾಪ, ಅದರಲ್ಲಿ ತಪ್ಪೇನಿಲ್ಲ. ಟ್ಯೂಬ್ ಆಂಪ್ ಏರಿಸಿಟ್ಟು ಮೆಲ್ಲಗೆ ಮೀಟಿದರೆ ಕ್ಲೀನ್, ಒತ್ತಿ ಹೊಡೆದರೆ ಸೌಂಡ್ ಮೆತ್ತಗೆ ಒಡೆಯುತ್ತಾ (ಡಿಸ್ಟಾರ್ಟ್ ಆಗುತ್ತಾ) ಹೋಗುತ್ತದೆ, ಬೆರಳೇ ವಾಲ್ಯೂಮ್ ಇದ್ದಂತೆ. ಟ್ರಾನ್ಸಿಸ್ಟರಿನ ಪವರ್ ಹಂತ ಮಿತಿ ದಾಟಿದ ಕೂಡಲೇ ಅಲೆಯ ತಲೆಯನ್ನು ಕತ್ತರಿ ಹಾಕಿದ ಹಾಗೆ ಚಪ್ಪಟೆ ಮಾಡುತ್ತದೆ. ಅದು ಕಿವಿಗೆ ಚುಚ್ಚುತ್ತದೆ. ಆದರೆ ಈ ವ್ಯತ್ಯಾಸ ಗೊತ್ತಾಗುವುದು ಹೆಚ್ಚಾಗಿ ಬಾರಿಸುವವನಿಗೆ.

ಇನ್ನು ಕರೆಂಟಿನ ವಿಷಯ. ರಾಜ್ಯೋತ್ಸವ ಎಂದರೆ ನಮ್ಮಲ್ಲಿ ನವೆಂಬರ್ ಪೂರ್ತಿ, ಗಲ್ಲಿಗೊಂದು ಆರ್ಕೆಸ್ಟ್ರಾ, ವೇದಿಕೆಯ ಹಿಂದೆ ಜನರೇಟರ್. ಲೈಟು ಆರಿದಾಗ ವೋಲ್ಟು ಮೇಲಕ್ಕೆ, ಹತ್ತಿದಾಗ ಕೆಳಕ್ಕೆ. 230 ಇರಬೇಕಾದಲ್ಲಿ 260 ಬಂದರೆ ಟ್ಯೂಬನ್ನು ಬಿಸಿ ಮಾಡುವ ಹೀಟರಿಗೆ 6.3 ವೋಲ್ಟಿನ ಬದಲು 7ಕ್ಕಿಂತ ಜಾಸ್ತಿ ಹೋಗುತ್ತದೆ, ಟ್ಯೂಬ್ ಓಡುವ ಆ 400-500 ವೋಲ್ಟೂ ಅದೇ ಲೆಕ್ಕದಲ್ಲಿ ಏರುತ್ತದೆ. ಒಂದೆರಡು ಶೋ ತಡೆಯಬಹುದು, ಸೀಸನ್ ಪೂರ್ತಿ ಕಷ್ಟ. ಅಲ್ಲಿಗೆ ನಾನು ಕಳಿಸುವುದು ಟ್ರಾನ್ಸಿಸ್ಟರ್ ಮಾತ್ರ. ಸಿನಿಮಾ ಹಾಡಿಗೆ ಬೇಕಾದ್ದು ಹೇಗೂ ಕ್ಲೀನ್ ಸೌಂಡ್. ಟ್ರಾನ್ಸಿಸ್ಟರ್ ಎಂದರೆ ಬಡವರ ಟ್ಯೂಬ್ ಎಂದುಕೊಂಡವರು 1975ರಲ್ಲಿ ಬಂದ ರೋಲ್ಯಾಂಡ್ ಜಾಜ್ ಕೋರಸ್ 120 ಒಮ್ಮೆ ಕೇಳಬೇಕು. 60 ವ್ಯಾಟಿನ ಎರಡು ಆಂಪ್, 12 ಇಂಚಿನ ಎರಡು ಸ್ಪೀಕರ್, ಒಂದೂ ಟ್ಯೂಬಿಲ್ಲ, ಇವತ್ತಿಗೂ ಕ್ಲೀನ್ ಸೌಂಡಿಗೆ ಜನ ಅದನ್ನೇ ಹುಡುಕುತ್ತಾರೆ. ಹಗುರ ಎಂದು ಮಾತ್ರ ತಿಳಿಯಬೇಡಿ, ಮೆಟ್ಟಿಲು ಹತ್ತಿಸಿದರೆ ನಡು ಹಿಡಿಯುತ್ತದೆ.

ಹೈಬ್ರಿಡ್ ಬಗ್ಗೆ ಒಂದೇ ಮಾತು, ಟ್ಯೂಬ್ ಎಲ್ಲಿದೆ ಕೇಳಿ. ಹೆಚ್ಚಿನವುಗಳಲ್ಲಿ ಮುಂದೆ, ಗಿಟಾರಿನ ಸಿಗ್ನಲ್ ಮೊದಲು ಹಿಗ್ಗಿಸುವ ಪ್ರೀಆಂಪಿನಲ್ಲಿ 12ಎಎಕ್ಸ್7 ಎಂಬ ಒಂದು ಸಣ್ಣ ಟ್ಯೂಬ್, ಹಿಂದೆ ಸ್ಪೀಕರ್ ಓಡಿಸುವ ಪವರ್ ಹಂತ ಪೂರ್ತಿ ಟ್ರಾನ್ಸಿಸ್ಟರ್. ಅಂದರೆ ದುಬಾರಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲ, ಸುಡುವ ಭಯವೂ ಇಲ್ಲ, ಇದು ಒಳ್ಳೆಯದೇ. ಆದರೆ ಜೋರಾಗಿ ಬಾರಿಸುವಾಗ ಪವರ್ ಟ್ಯೂಬ್ ಕೊಡುವ ಒತ್ತು ಇದರಲ್ಲಿ ಸಿಗದು. ಕೆಲವದರಲ್ಲಂತೂ ಕಿಟಕಿಯೊಳಗೆ ಹೊಳೆಯುವ ಕಿತ್ತಳೆ ಬೆಳಕು ಟ್ಯೂಬಿನದಲ್ಲ, ಅದರ ಬುಡದಲ್ಲಿ ಇಟ್ಟಿರುವ ಎಲ್‌ಇಡಿ! ಬಿಚ್ಚಿ ತೋರಿಸಿದಾಗ ಗಿರಾಕಿಯ ಮುಖ ನೋಡಬೇಕು ನೀವು.

ಟ್ಯೂಬ್ ಸಿಗುವುದೂ ಒಂದು ತಲೆನೋವು. ಒಂದು ಕಾಲಕ್ಕೆ ನಮ್ಮ ಜಾಲಹಳ್ಳಿಯ ಬಿಇಎಲ್ ವಾಲ್ವ್ ಮಾಡುತ್ತಿತ್ತು, ಹಳೇ ರೇಡಿಯೋಗಳಲ್ಲಿ ಬರುತ್ತಿದ್ದ ಇಎಲ್84 ಕೂಡ. ವಾಕ್ಸ್ ಎಸಿ30 ಎಂಬ ಗಿಟಾರ್ ಆಂಪಿನಲ್ಲಿ ನಾಲ್ಕು ಇರುವುದೂ ಅದೇ ಇಎಲ್84. ಯಾರದೋ ಅಟ್ಟದಲ್ಲಿ ಬಿಇಎಲ್ ಡಬ್ಬಿ ಸಿಕ್ಕಿತೆಂದು ತಂದರೆ ಮೊದಲು ಗಾಜಿನೊಳಗಿನ ಬೆಳ್ಳಿ ಬಣ್ಣ ನೋಡುತ್ತೇನೆ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಮುಗೀತು. ಹಾಂ, ಟ್ಯೂಬ್ ಬದಲಿಸುತ್ತೇನೆಂದು ಮನೆಯಲ್ಲಿ ಷಾಸಿ ಬಿಚ್ಚಿ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟು ಉಳಿದಿರುತ್ತದೆ.

ಹೋದ ತಿಂಗಳು ಜಯನಗರದ ಅಪಾರ್ಟ್‌ಮೆಂಟಿನವರೊಬ್ಬರು ಬಂದರು. 100 ವ್ಯಾಟ್ ಜಾಸ್ತಿಯಾಯಿತು, 50 ವ್ಯಾಟ್ ಟ್ಯೂಬ್ ಹೆಡ್ ಕೊಡಿ ಎಂದರು, ಸದ್ದು ಅರ್ಧವಾಗುತ್ತದೆ ಎಂಬ ಲೆಕ್ಕ. ವ್ಯಾಟ್ ಅರ್ಧ ಮಾಡಿದರೆ ಇಳಿಯುವುದು 3 ಡೆಸಿಬೆಲ್ ಅಷ್ಟೇ, ಕಿವಿಗೆ ಅರ್ಧ ಎನಿಸಬೇಕಾದರೆ 10 ವ್ಯಾಟಿಗೆ ಬರಬೇಕು. ಬಾಯಲ್ಲಿ ಹೇಳಿದರೆ ನಂಬಲಿಲ್ಲ. ಎರಡು ಇಎಲ್84 ಇರುವ 15 ವ್ಯಾಟಿನದನ್ನು ಹಾಕಿ, ಸೌಂಡ್ ಒಡೆಯುವ ತನಕ ಏರಿಸಿ ಕೈಗೆ ಗಿಟಾರ್ ಕೊಟ್ಟೆ. ಎರಡೇ ಕಾರ್ಡ್ ಬಾರಿಸಿದ್ದರು, ಪಕ್ಕದ ಟೀ ಅಂಗಡಿಯವನು ಬಂದು ಬಾಗಿಲಲ್ಲಿ ನಿಂತ.

"ನಿಮ್ಮ ಕೆಳಗಿನ ಮನೆಯಲ್ಲಿ ಯಾರಿದ್ದಾರೆ ಸರ್?" ಎಂದೆ.

"ರಿಟೈರ್ಡ್ ಮೇಷ್ಟ್ರು."

ಹೆಡ್‌ಫೋನ್ ಜ್ಯಾಕ್ ಇರುವ 20 ವ್ಯಾಟ್ ಟ್ರಾನ್ಸಿಸ್ಟರ್ ತೆಗೆದುಕೊಂಡು ಹೋದರು. ಮೇಷ್ಟ್ರು ಮನೆ ಖಾಲಿ ಮಾಡಿದರೆ ಫೋನ್ ಮಾಡುತ್ತಾರಂತೆ.