ಹಾಗಲರಸ, ಮೆಂತ್ಯದ ನೀರು ಮತ್ತು ಅಪ್ಪನ ಗ್ಲುಕೋಮೀಟರ್

ಮುಂಬೈನ ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಬೆಳಗಿನ ನಡಿಗೆ ಮುಗಿಸಿ, ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಹಾಗಲಕಾಯಿ ರಸ ಕುಡಿದು ಮನೆಗೆ ಮರಳುವುದು ಮಧುಮೇಹಿಯಾದ ಅಪ್ಪನಿಗೆ ವರ್ಷದಿಂದ ರೂಢಿಯಾಗಿತ್ತು. ಕಳೆದ ತಿಂಗಳು ತಿಂಡಿ ತಡವಾದ ಒಂದು ದಿನ ಅವರ ಕೈ ನಡುಗಿ, ಮೈಯೆಲ್ಲ ಬೆವರಿತು; ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ 58 ತೋರಿಸಿತು, ಅಂದರೆ ಸಕ್ಕರೆ ತೀರ ಇಳಿದಿತ್ತು. ಸಕ್ಕರೆ ಕದಡಿದ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು.

ಅವರು ಸೇವಿಸುವ ಗ್ಲಿಮೆಪಿರೈಡ್ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವಂಥದ್ದು. ಹೊತ್ತಿಗೆ ಸರಿಯಾಗಿ ಊಟ ಬೀಳದಿದ್ದರೆ ಅದೊಂದೇ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು, ಹಾಗಲರಸವೂ ಜೊತೆಗೂಡಿದರೆ ಆ ಭಯ ಇನ್ನೂ ಹೆಚ್ಚು. ಹಾಗಲದಲ್ಲಿ ಸಕ್ಕರೆ ಇಳಿಸಬಹುದೆನ್ನಲಾದ ಚರಾಂಟಿನ್‌ನಂಥ ಅಂಶಗಳಿರುವುದು ನಿಜ. ಆದರೆ ಅದು ಮಧುಮೇಹವನ್ನು ಹತೋಟಿಗೆ ತರುತ್ತದೆನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಹೇಳಿತು. ವೈದ್ಯರಿಗೆ ತಿಳಿಸದೆ ಇದನ್ನು ಕುಡಿಯುತ್ತಿದ್ದುದೇ ನಮ್ಮ ಮನೆಯ ದೊಡ್ಡ ತಪ್ಪು. ಸೋರೆಕಾಯಿ ರಸದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು: ಕಹಿಯಾಗಿದ್ದರೆ ಅದರಲ್ಲಿರುವ ಕುಕುರ್ಬಿಟಾಸಿನ್ ಎಂಬ ಕಹಿ ಅಂಶ ವಿಷವಾಗಿ ಪ್ರಾಣಕ್ಕೇ ಎರವಾಗಬಹುದು.

ನನಗೆ ಹೆಚ್ಚು ಭರವಸೆ ಇರುವುದು ಮೆಂತ್ಯದ ಮೇಲೆ. ರಾತ್ರಿ ನೆನೆಸಿದರೆ ಕಾಳಿನ ಸುತ್ತ ಕಟ್ಟುವ ಆ ಲೋಳೆ ಗ್ಯಾಲಕ್ಟೋಮ್ಯಾನನ್ ಎಂಬ ಕರಗುವ ನಾರು. ಅದು ಆಹಾರವನ್ನು ಹೊಟ್ಟೆಯಲ್ಲಿ ತುಸು ತಡೆದು ನಿಲ್ಲಿಸಿ, ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ನಮ್ಮಲ್ಲಿ ಅನೇಕರು ನೀರನ್ನಷ್ಟೇ ಸೋಸಿ ಕುಡಿದು ಕಾಳನ್ನು ಚೆಲ್ಲುತ್ತಾರೆ, ನಾರಿನ ಬಹುಪಾಲು ಹೋಗುವುದು ಆ ಕಾಳಿನ ಜೊತೆಗೇ. ಪ್ರಮಾಣವನ್ನೂ ಗಮನಿಸಬೇಕು: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ, 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳಿಗೆ ಕೊಟ್ಟದ್ದು ದಿನಕ್ಕೆ 100 ಗ್ರಾಂ ಕೊಬ್ಬು ತೆಗೆದ ಮೆಂತ್ಯದ ಪುಡಿ, ನಾವು ನೆನೆಸುವ ಒಂದು ಟೀ ಚಮಚದಲ್ಲಿ ಇರುವುದು ನಾಲ್ಕೈದು ಗ್ರಾಂ.

ಗಿಡಮೂಲಿಕೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಯುರೋಪಿನ ಗಲೇಗಾ ಎಂಬ ಗಿಡದ ಕಡೆಗೇ ಹೋಗುತ್ತದೆ. ಆದರೆ ಗಿಡದ ಸತ್ವ ನಂಜಾಗಿದ್ದರಿಂದ ಅದಕ್ಕೆ ಹತ್ತಿರದ ರಾಸಾಯನಿಕಗಳನ್ನು ಹುಡುಕಬೇಕಾಯಿತು, 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಮೆಟ್‌ಫಾರ್ಮಿನ್ ಅನ್ನು ಮಧುಮೇಹಿಗಳಿಗೆ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿದರು.

ಈಗ ವೈದ್ಯರನ್ನು ಕೇಳಿ ಹಾಗಲರಸ ನಿಲ್ಲಿಸಿದ್ದೇವೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಮಜ್ಜಿಗೆಯಲ್ಲಿ ಮೆಂತ್ಯದ ಪುಡಿ ಕದಡಿ ಕೊಡುತ್ತೇನೆ; ಊಟವಾಗಿ ಎರಡು ಗಂಟೆ ಕಳೆದ ಮೇಲಿನ ಗ್ಲುಕೋಮೀಟರ್ ಅಂಕಿಯನ್ನು ಅಪ್ಪನೇ ಪುಸ್ತಕದಲ್ಲಿ ಬರೆದಿಡುತ್ತಾರೆ.