ಮನೆಯ ಮೂಲಿಕೆ ಕುಂಡಗಳು: ಕೊಯ್ದು ಒಣಗಿಸುವ ಹಂತ

ಕುಂಡಗಳೆಲ್ಲ ಈಗ ಮೈತುಂಬಿಕೊಂಡಿವೆ. ತುಳಸಿ, ಪುದೀನ, ನಿಂಬೆಹುಲ್ಲು, ಎಲೆಯಲ್ಲಿ ನಿಂಬೆಯ ಘಮವಿರುವ ಲೆಮನ್ ಬಾಮ್ ನಾಲ್ಕೂ ಕೊಯ್ಲಿಗೆ ಬಂದಿವೆ. ಹೂವಿನಿಂದ ಚಹಾ ಮಾಡಿಕೊಳ್ಳುವ ಕ್ಯಾಮೊಮೈಲ್ ಗಿಡ ಹೂ ಬಿಡಲು ಶುರು ಮಾಡಿದೆ. ಲ್ಯಾವೆಂಡರ್ ಮಾತ್ರ ಇನ್ನೂ ಪುಟ್ಟದು. ಬೀಜದಿಂದ ಬೆಳೆಸಿದರೆ ಅದು ನಿಧಾನವೇ. ಬಿಸಿಲು ಬೀಳುವ ಕಡೆ ಮರಳು ಬೆರೆಸಿದ ಮಣ್ಣಿನಲ್ಲಿಟ್ಟು, ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕುತ್ತಿದ್ದೇನೆ.

ದಿನದ ಕೆಲಸ ಮುಗಿದ ಮೇಲೆ ಹಿತವಾಗಿ ಕುಡಿಯಲು ಏನಾದರೂ, ಮಲಗುವಾಗ ತಲೆದಿಂಬಿನ ಹತ್ತಿರ ಒಂದಿಷ್ಟು ಘಮ. ನನಗೆ ಬೇಕಿರುವುದು ಇಷ್ಟೇ. ಕಾಯಿಲೆ ವಾಸಿ ಮಾಡುವ ಕೆಲಸ ಈ ಕುಂಡಗಳದ್ದಲ್ಲ.

ಈ ಸಲ ಪೂರ್ತಿ ಗಮನ ಹೋಗಿದ್ದು ಪರಿಮಳದ ಮೇಲೆ. ತುಳಸಿ ಎಲೆಯ ಹಿಂಬದಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ತುಂಬ ಸಣ್ಣ, ಹೊಳೆಯುವ ಚುಕ್ಕಿಗಳು ಕಾಣುತ್ತವೆ. ಅವೆಲ್ಲ ಎಣ್ಣೆ ತುಂಬಿದ ಗ್ರಂಥಿಗಳು. ಬೆರಳಲ್ಲಿ ಉಜ್ಜಿದರೆ ಸಾಕು, ಒಡೆದು ಘಮ್ಮೆನ್ನುತ್ತವೆ. ತುಳಸಿಯಲ್ಲಿ ಲವಂಗದ ವಾಸನೆ ಸುಳಿಯುವುದು ಯೂಜಿನಾಲ್ ಎಂಬ ಪರಿಮಳದ ರಾಸಾಯನಿಕದಿಂದ, ಲವಂಗದಲ್ಲಿರುವುದೂ ಅದೇ. ಪುದೀನ, ಲೆಮನ್ ಬಾಮ್, ಲ್ಯಾವೆಂಡರ್ ಕೂಡ ತುಳಸಿಯ ಕುಟುಂಬದವು, ಅವುಗಳ ಎಣ್ಣೆಯೂ ಹೀಗೆ ಮೇಲ್ಮೈಯಲ್ಲೇ ಇರುತ್ತದೆ. ನಿಂಬೆಹುಲ್ಲು ಬೇರೆ ಜಾತಿ, ಅದರ ಎಣ್ಣೆ ಎಲೆಯ ಒಳಗಿರುತ್ತದೆ. ಅದಕ್ಕೇ ಅದನ್ನು ಸಣ್ಣಗೆ ಹೆಚ್ಚಿ ಹಾಕಬೇಕು, ಸುಮ್ನೆ ಉದ್ದುದ್ದ ಎಸಳು ಹಾಕಿದರೆ ಅಷ್ಟು ಬಿಡುವುದಿಲ್ಲ.

ಈ ಎಣ್ಣೆ ಬೇಗ ಆವಿಯಾಗುವಂಥದ್ದು. ಒಣಗಿಸುವ ಕ್ರಮವೆಲ್ಲ ಅದನ್ನು ಉಳಿಸಿಕೊಳ್ಳುವುದಕ್ಕೇ ಇದೆ ಅಲ್ವಾ! ಪುದೀನ, ತುಳಸಿಯನ್ನು ಹೂ ಬಿಡುವ ಮುಂಚೆ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ದೆ. ಸಣ್ಣ ಸಣ್ಣ ಕಟ್ಟು ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದೆ. ಬಿಸಿಲಿಗೆ ಇಟ್ಟರೆ ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ. ಯಂತ್ರದಲ್ಲಿ ಒಣಗಿಸುವುದಾದರೆ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಒಳ್ಳೆಯದು. ಕಡ್ಡಿ ಬಾಗದೆ ಪಟ್ಟನೆ ಮುರಿದರೆ ಆಯಿತು ಎಂದು ಲೆಕ್ಕ. ಎಲೆಗಳನ್ನು ಪುಡಿ ಮಾಡದೆ ಇಡಿಯಾಗಿಯೇ ಗಾಜಿನ ಡಬ್ಬಿಗೆ ತುಂಬಿ, ಬೆಳಕು ಬೀಳದ ಕಪಾಟಿನಲ್ಲಿಟ್ಟಿದ್ದೇನೆ. ಲೆಮನ್ ಬಾಮ್ ಒಣಗಿದರೆ ವಾಸನೆ ತೀರಾ ಕಮ್ಮಿಯಾಗುತ್ತದೆ. ಅದನ್ನು ಹಸಿಯಾಗಿಯೇ ಬಳಸುತ್ತೇನೆ, ರುಚಿಯೂ ಹಾಗೇ ಚೆನ್ನ.

ಕುಡಿಯಲು ಮಾಡಿಕೊಳ್ಳುವುದು ಸುಲಭ. 200 ಮಿಲಿಲೀಟರ್ ಕುದಿ ನೀರಿಗೆ ಒಂದು ಟೀ ಚಮಚ ಒಣ ಎಲೆ ಹಾಕಿ, ಮುಚ್ಚಿಟ್ಟು, 5ರಿಂದ 10 ನಿಮಿಷ ಬಿಡಬೇಕು. ಹಸಿ ಎಲೆಯಾದರೆ ಅದರ ಮೂರು ಪಟ್ಟು. ಒಲೆಯ ಮೇಲೆ ಕುದಿಸುವುದು ಬೇರು, ತೊಗಟೆಗಳಿಗೆ ಸರಿ, ಎಲೆ ಹೂಗಳಿಗೆ ಬೇಡ. ಮುಚ್ಚಳ ಮರೆಯಲೇಬಾರದು. ತೆಗೆದಾಗ ಅದರ ಒಳಬದಿಯಲ್ಲಿ ಹನಿ ಕೂತಿರುತ್ತದಲ್ಲ, ಅದನ್ನು ವಾಪಸ್ ಲೋಟಕ್ಕೇ ಬೀಳಿಸಿ. ಘಮದ ಒಂದು ಪಾಲು ಆ ಹನಿಗಳಲ್ಲೇ ಇರುತ್ತದೆ.

ಕ್ಯಾಮೊಮೈಲ್ ಮನೆಯವರಿಗೆಲ್ಲ ಕೊಡುವ ಮುಂಚೆ ವಿಚಾರಿಸಿಕೊಂಡೆ. ಅದು ಸೇವಂತಿಗೆಯ ಕುಟುಂಬದ್ದು, ಆ ಜಾತಿಯ ಹೂ ಆಗದವರಿಗೆ ಇದೂ ಅಲರ್ಜಿ ಮಾಡಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಮಾತ್ರೆ ಅಥವಾ ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಕುಡಿಯಲಿ. ಅಂಗಡಿಯಲ್ಲಿ ಸಿಗುವ ಸುಗಂಧ ತೈಲವನ್ನಂತೂ ಹೊಟ್ಟೆಗೆ ತೆಗೆದುಕೊಳ್ಳಲೇಬೇಡಿ. ಅದು ಎಷ್ಟೋ ಎಲೆಗಳ ಸಾರ ಒಂದೇ ಹನಿಯಲ್ಲಿರುವಂಥದ್ದು.

ಮುಂದಿನ ಕೆಲಸ ಕ್ಯಾಮೊಮೈಲ್ ಕೊಯ್ಲು. ಬಿಳಿ ಎಸಳು ಪೂರ್ತಿ ಬಿಚ್ಚಿಕೊಂಡ ಹೂಗಳನ್ನು ಮಾತ್ರ ಬಿಡಿಸಬೇಕು, ಆಗ ಗಿಡ ಮತ್ತೆ ಮೊಗ್ಗು ಬಿಡುತ್ತದೆ. ತಲೆದಿಂಬಿಗೆ ಹತ್ತಿ ಬಟ್ಟೆಯ ಪುಟ್ಟ ಚೀಲಗಳನ್ನು ಹೊಲಿದು ಇಟ್ಟಾಗಿದೆ. ಲ್ಯಾವೆಂಡರ್ ಹೂ ಬಿಡುವವರೆಗೆ ಅವುಗಳಲ್ಲಿ ಒಣ ಪುದೀನವನ್ನೇ ತುಂಬಿ ನೋಡುತ್ತೇನೆ.